1979ರ ಮಹೀಂದ್ರ ಸಿಜೆ3ಬಿ ಜೀಪು ಮತ್ತೆ ಕಟ್ತಾ ಇದೀನಿ, ಪಾರ್ಟ್ಸ್ ಎಲ್ಲಿ ಹುಡುಕ್ಲಿ?

ಕಾಫಿಕಣ

ಎಲ್ರಿಗೂ ನಮಸ್ಕಾರ. ಸಕಲೇಶಪುರದ ಹತ್ರ ನಮ್ದೊಂದು ಸಣ್ಣ ತೋಟ ಇದೆ, ಅಲ್ಲಿ ಕಣದ ಪಕ್ಕದ ಶೆಡ್‌ನಲ್ಲಿ ಅಜ್ಜನ ಜೀಪು ಹನ್ನೊಂದು ವರ್ಷದಿಂದ ನಿಂತಿದೆ. ಅಜ್ಜ ಹೋದ್ಮೇಲೆ ಯಾರೂ ಸ್ಟಾರ್ಟ್ ಮಾಡಿಲ್ಲ. ನಾನು ಬೆಂಗಳೂರಲ್ಲಿ ಕೆಲ್ಸ, ತಿಂಗಳಿಗೆ ಎರಡು ಸಲ ಊರಿಗೆ ಹೋಗ್ತೀನಿ, ಈ ವರ್ಷ ಮಳೆ ಮುಗಿದ್ಮೇಲೆ ಶುರು ಮಾಡೇಬಿಡೋಣ ಅಂತ ಬಿಚ್ಚಕ್ಕೆ ಕೂತಿದೀನಿ.

ಆರ್‌ಸಿಲಿ ಇರೋದು 1979, ಪೆಟ್ರೋಲ್. ಆದ್ರೆ ಬಾನೆಟ್ ಎತ್ತಿದ್ರೆ ಒಳಗಿರೋದು ಪೂಜೋ ಡೀಸೆಲ್, ನಾಲ್ಕು ಗೇರಿನ ಬಾಕ್ಸ್. ಪೆಟ್ರೋಲ್ ಖರ್ಚು ತಡೆಯಕ್ಕಾಗ್ದೆ ಆಗಿನ ಕಾಲದಲ್ಲಿ ಹಾಸನದಲ್ಲಿ ಎಲ್ಲೋ ಹಾಕ್ಸಿದ್ರಂತೆ. ಫ್ಲೋರ್ ಪೂರ್ತಿ ತುಕ್ಕು, ಕಾಲಿಟ್ರೆ ನೆಲ ಕಾಣುತ್ತೆ. ಸ್ಟೀರಿಂಗ್ ಕಾಲು ರೌಂಡು ಸುಮ್ನೆ ತಿರುಗುತ್ತೆ. ಮುಂದಿನ ಚಕ್ರ ತಿರುಗೋ ಜಾಗದ ಎರಡೂ ಕಬ್ಬಿಣದ ಗುಂಡಿಂದ ಗ್ರೀಸ್ ಎಣ್ಣೆ ಎಲ್ಲಾ ಸುರೀತಿದೆ.

ಹೋದ ಶನಿವಾರ ಮೊಬೈಲಲ್ಲಿ ಪಟ್ಟಿ ಬರ್ಕೊಂಡು ಬೆಂಗಳೂರಲ್ಲಿ ಗಾಡಿ ಪಾರ್ಟ್ಸ್ ಅಂಗಡಿ ಇರೋ ಜೆಸಿ ರೋಡಿಗೆ ಹೋದೆ. ಪ್ರತಿ ಅಂಗಡಿಲೂ ಕೇಳಿದ್ದು ಒಂದೇ, ಯಾವ್ ಜೀಪು ಸಾರ್ ಅಂತ. ಮಹೀಂದ್ರ ಅಂದೆ, ಹಳೇದು ಅಂದೆ. ಕೊನೆಗೆ ಕಿಂಗ್ ಪಿನ್ (ಮುಂದಿನ ಚಕ್ರ ಎಡ ಬಲ ತಿರುಗೋ ಪಿನ್) ಸೆಟ್ಟು, ಬ್ರೇಕಿನ ವೀಲ್ ಸಿಲಿಂಡರು, ಒಂದು ಆಯಿಲ್ ಸೀಲು ತಗೊಂಡು ಬಂದೆ, ಮೂರರಲ್ಲಿ ಮೂರೂ ಕೂತಿಲ್ಲ. ವಾಪಸ್ ತಗೊಳ್ಳಲ್ಲ ಅಂದ್ರು. ಇದೇ ರೀತಿ ಹೋದ್ರೆ ದುಡ್ಡೂ ಹೋಗುತ್ತೆ ಆಸಕ್ತಿನೂ ಹೋಗುತ್ತೆ ಅನ್ನೋ ಭಯ ಆಗ್ತಿದೆ, ಈ ಗಾಡಿ ಕಟ್ಟಿದವ್ರು ಯಾರಾದ್ರೂ ಇದ್ರೆ ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳಿ ದಯವಿಟ್ಟು.

ಹಳೇಸ್ಪ್ಯಾನರ್

ಅಂಗಡಿಯವ್ರು ಕೇಳಿದ ಪ್ರಶ್ನೆ ಸರಿಯಾಗೇ ಇದೆ ಗುರು, ಉತ್ತರ ನಿಮ್ಮತ್ರ ಇರ್ಲಿಲ್ಲ ಅಷ್ಟೇ. ಬೇಜಾರ್ ಮಾಡ್ಕೋಬೇಡಿ, ನಾವೆಲ್ಲ ಹಂಗೇ ಶುರು ಮಾಡಿದ್ದು.

ವಿಲ್ಲಿಸ್ ಕಂಪನಿ 1953ರಲ್ಲಿ ಸಿಜೆ3ಬಿ ತಂತು. ಎತ್ತರದ ಬಾನೆಟ್ ಯಾಕೆ ಅಂದ್ರೆ ಅದರ ಹರಿಕೇನ್ ಅನ್ನೋ ಪೆಟ್ರೋಲ್ ಎಂಜಿನ್ ಹಳೇದಕ್ಕಿಂತ ಎತ್ತರ, ಇನ್ಲೆಟ್ ವಾಲ್ವ್ ಮೇಲೆ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಲ್ಲಿ, ಅದಕ್ಕೇ ಎಫ್ ಹೆಡ್ ಅನ್ನೋದು. 2199 ಸಿಸಿ. ಅಮೆರಿಕದಲ್ಲಿ 1968ಕ್ಕೆ ನಿಲ್ಲಿಸಿದ್ರು, ನಮ್ಮ ಮಹೀಂದ್ರದವ್ರು ಅದಾದ್ಮೇಲೂ ಎಷ್ಟೋ ವರ್ಷ ಮಾಡ್ತಾನೇ ಇದ್ರು. ಅಷ್ಟು ವರ್ಷದಲ್ಲಿ ಒಳಗಿನ ಸಾಮಾನು ಸ್ವಲ್ಪ ಸ್ವಲ್ಪ ಬದಲಾಗ್ತಾ ಹೋಯ್ತು, ಆಮೇಲೆ ಪ್ರತಿ ಊರಿನ ಮೆಕ್ಯಾನಿಕ್ಕೂ ಕೈಗೆ ಸಿಕ್ಕಿದ್ದು ಹಾಕಿದ್ರು. ಹಂಗಾಗಿ ನಿಮ್ಮ ಜೀಪು 1979ದು ಅನ್ನೋದು ಕಾಗದದ ಮಾತು. ಆಕ್ಸಲ್ ಒಂದು ವರ್ಷದ್ದು, ಬ್ರೇಕ್ ಇನ್ನೊಂದು ಗಾಡಿದು, ಎಂಜಿನ್ ಮೂರನೇದ್ದು. ಮೊದ್ಲು ಒಂದು ನೋಟ್‌ಬುಕ್ ತಗೊಂಡು ಗಾಡಿ ಮುಂದೆ ಕೂತ್ಕೊಳ್ಳಿ. ಒಂದು ರೂಪಾಯಿದೂ ಕೊಳ್ಳಕ್ಕೆ ಹೋಗ್ಬೇಡಿ ಆ ಪುಸ್ತಕ ತುಂಬೋವರ್ಗೂ.

ಎರಡನೇದು, ಜೀಪಿನ ಬೇರಿಂಗ್ ಕೊಡಿ ಅಂತ ಯಾವತ್ತೂ ಕೇಳ್ಬೇಡಿ. ಬೇರಿಂಗ್‌ಗೆ ನಂಬರ್ ಇರುತ್ತೆ, ಅದನ್ನ ಕೇಳಿ. ಈ ಗಾಡಿ ವೀಲ್ ಬೇರಿಂಗ್ ಕೋನ್ (ಒಳಗಿನ ಭಾಗ) 18590, ಕಪ್ (ಹೊರಗಿನ ಬಳೆ) 18520. ಕಿಂಗ್ ಪಿನ್ ಬೇರಿಂಗ್ ಕೋನ್ 11590, ಕಪ್ 11520. ಈ ನಂಬರ್ ಹಿಡ್ಕೊಂಡು ಜೀಪ್ ಅಂಗಡಿಗಲ್ಲ, ಬೇರಿಂಗ್ ಅಂಗಡಿಗೆ ಹೋಗಿ, ಒಳ್ಳೇ ಕಂಪನಿದು ಸೀಲ್ ಡಬ್ಬಿಲೇ ಸಿಗುತ್ತೆ. ಆಯಿಲ್ ಸೀಲ್‌ಗೆ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಮೂರೂ ವರ್ನಿಯರ್ ಹಿಡಿದು ಬರ್ಕೊಳ್ಳಿ. ಎಂಜಿನ್ ಶಕ್ತಿನ ಆಕ್ಸಲ್‌ಗೆ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೂ (ಕೀಲು) ಸ್ಪೈಸರ್ ಕಂಪನಿ ನಂಬರ್ ಇದೆ, 5-153ಎಕ್ಸ್. ನಂಬರ್ ಇಲ್ಲದ್ದಕ್ಕೆ ಹಳೇ ಪೀಸನ್ನೇ ಬ್ಯಾಗಲ್ಲಿ ಹಾಕ್ಕೊಂಡು ಹೋಗಿ, ಎಷ್ಟೇ ಮುರಿದಿದ್ರೂ ಎಸೀಬೇಡಿ.

ಇನ್ನೊಂದು. ಎಡಗಡೆ ಚಕ್ರದ ನಟ್ಟು ನೋಡಿ, ಸ್ಟಡ್ ತುದಿಲಿ ಎಲ್ ಅಂತ ಇದ್ರೆ ಅದು ಉಲ್ಟಾ ಥ್ರೆಡ್. ಒಂದು ಟೈರ್ ಅಂಗಡಿಲಿ ಹುಡುಗ ಗನ್ ಇಟ್ಟು ಬಿಚ್ಚಕ್ಕೆ ಹೋಗಿ ನಂದು ಮೂರು ಸ್ಟಡ್ ಮುರಿದ. ಆ ಉಲ್ಟಾ ಸ್ಟಡ್ ಹುಡುಕಕ್ಕೆ ಎರಡು ತಿಂಗಳು ಓಡಾಡಿದೀನಿ.

ಘಟ್ಟದಮೇಲೆ

ನಾನು ಕೊಡಚಾದ್ರಿಗೆ ಜೀಪ್ ಹೊಡೆಯೋನು, ನಿಟ್ಟೂರು ಕಡೆಯಿಂದ. ಪೇಟೆ ಅಂಗಡಿ ಬಗ್ಗೆ ನಂಗೆ ಜಾಸ್ತಿ ಗೊತ್ತಿಲ್ಲ, ಆದ್ರೆ ಒಂದು ಹೇಳ್ತೀನಿ, ಜೀಪು ಎಲ್ಲಿ ಇವತ್ತಿಗೂ ಹೊಟ್ಟೆಪಾಡಿಗೆ ಓಡ್ತಿದ್ಯೋ ಅಲ್ಲಿ ಪಾರ್ಟ್ಸ್ ಬದುಕಿದೆ. ಕೊಲ್ಲೂರು, ನಿಟ್ಟೂರು, ಮಡಿಕೇರಿಲಿ ಮಾಂದಲಪಟ್ಟಿಗೆ ಹೋಗೋ ಜೀಪಿನವ್ರು, ಕಳಸ ಸಂಸೆ ಕಡೆ, ಕೇರಳಕ್ಕೆ ಹೋದ್ರೆ ಇಡುಕ್ಕಿಲಿ ಸೂರ್ಯನೆಲ್ಲಿಯಿಂದ ಕೊಳುಕ್ಕುಮಲೈಗೆ ಓಡೋ ಜೀಪಿನವ್ರು. ಒಂದು ದಿನ ಗಾಡಿ ನಿಂತ್ರೆ ನಮ್ಗೆ ಸಂಪಾದ್ನೆ ಇಲ್ಲ, ಹಂಗಾಗಿ ಪ್ರತಿಯೊಬ್ರ ಮನೆ ಹಿಂದೂ ಒಂದು ಆಕ್ಸಲ್ ಹೌಸಿಂಗು, ಎರಡು ಗೇರ್‌ಬಾಕ್ಸು, ಸ್ಪ್ರಿಂಗ್ ಪ್ಲೇಟ್ ಕಟ್ಟು ಬಿದ್ದಿರುತ್ತೆ. ಸೀಸನ್ನಲ್ಲಿ ಬಂದು ಕೇಳ್ಬೇಡಿ, ಯಾರಿಗೂ ಮಾತಾಡಕ್ಕೆ ಟೈಮಿಲ್ಲ. ಜೂನ್ ಜುಲೈ ಜಡಿಮಳೇಲಿ ಬನ್ನಿ, ಎಲ್ರೂ ಗಾಡಿ ಬಿಚ್ಕೊಂಡೇ ಕೂತಿರ್ತೀವಿ.

ನಮ್ಮ ಕಡೆ ಎಲ್ಲಾ ಡೀಸೆಲ್. ಎಂಎಂ540, ಮೇಜರ್, ಕಮಾಂಡರ್. ಪೆಟ್ರೋಲ್ ಎಂಜಿನ್ ಸಾಮಾನು ಸಿಗಲ್ಲ, ಆದ್ರೆ ಆಕ್ಸಲ್, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಬಾಕ್ಸು), ಸ್ಟೀರಿಂಗ್ ಬಾಕ್ಸು ಇವೆಲ್ಲ ಕೇಳಿದ್ರೆ ಸಿಗುತ್ತೆ. ಅಂದ ಹಾಗೆ ನಿಮ್ಮ ಗಾಡಿಲಿ ಫೋರ್ ವೀಲ್ ಹಾಕಿದ್ರೆ ಹೆಂಗಿತ್ತು? ಹಿಡ್ಕೊಂಡಂಗೆ ಆಗ್ತಿತ್ತಾ?

ಕಾಫಿಕಣ

@ಘಟ್ಟದಮೇಲೆ ಅಣ್ಣ ಇದು ನಿಮ್ಗೆ ಹೆಂಗೆ ಗೊತ್ತಾಯ್ತು! ಅಪ್ಪನ್ನ ಕೇಳ್ದೆ, ಡೀಸೆಲ್ ಹಾಕ್ಸಿದ್ಮೇಲೆ ಫೋರ್ ವೀಲ್ ಹಾಕಿದ್ರೆ ಗಾಡಿ ಕಟ್ಟಿಹಾಕಿದಂಗೆ ಆಗ್ತಿತ್ತು, ಲಿವರ್ ವಾಪಸ್ ಬರ್ತಾನೇ ಇರ್ಲಿಲ್ಲ, ಅದಕ್ಕೆ ಅಜ್ಜ ಫೋರ್ ವೀಲ್ ಮುಟ್ಟೋದೇ ಬಿಟ್ಬಿಟ್ರು ಅಂದ್ರು.

ಹಳೇಸ್ಪ್ಯಾನರ್

ಹಿಂದಿನ ಮುಂದಿನ ಆಕ್ಸಲ್ ರೇಶಿಯೋ, ಅಂದ್ರೆ ಚಕ್ರ ಒಂದು ಸುತ್ತು ಬರಕ್ಕೆ ಶಾಫ್ಟ್ ಎಷ್ಟು ಸುತ್ತುತ್ತೆ ಅನ್ನೋದು, ಬೇರೆ ಇರುತ್ತೆ ಹಂಗಾದ್ರೆ. ಹುಡುಗ್ರು ಡೀಸೆಲ್ ಹಾಕಿದಾಗ ಸ್ಪೀಡ್ ಬರ್ಲಿ ಅಂತ ಹಿಂದೆ ಮಾತ್ರ ಬೇರೆ ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಜೋಡಿ ಗೇರು) ಹಾಕಿರ್ತಾರೆ, ಮುಂದೆ ಮುಟ್ಟಿರಲ್ಲ.

ನೋಡೋದು ಸುಲಭ. ಹಿಂದಿನ ಒಂದು ಚಕ್ರ ಮಾತ್ರ ಜಾಕ್ ಹಾಕಿ ಎತ್ತಿ, ಉಳಿದ ಚಕ್ರಕ್ಕೆಲ್ಲ ಕಲ್ಲು ಕೊಟ್ಟು ನ್ಯೂಟ್ರಲ್ ಮಾಡಿ. ಪ್ರೊಪೆಲ್ಲರ್ ಶಾಫ್ಟಿಗೆ ಚಾಕಲ್ಲಿ ಗುರುತು ಹಾಕಿ. ಎತ್ತಿದ ಚಕ್ರನ ಸರಿಯಾಗಿ ಎರಡು ಸುತ್ತು (ಇನ್ನೊಂದು ಚಕ್ರ ನಿಂತಿರೋದ್ರಿಂದ ಎರಡು) ತಿರುಗ್ಸಿ, ಶಾಫ್ಟ್ ಎಷ್ಟು ಸುತ್ತುತ್ತೆ ಅಂತ ಎಣಿಸಿ. ಐದು ಸುತ್ತು ಆಗಿ ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ ಬಂದ್ರೆ 5.38, ಪೆಟ್ರೋಲ್ ಸಿಜೆ3ಬಿದು ಒರಿಜಿನಲ್ ಅದೇ, 43 ಹಲ್ಲು 8 ಹಲ್ಲು. ಐದು ಸುತ್ತಿಗೆ ಚೂರು ಕಮ್ಮಿ ಬಂದ್ರೆ 4.88, ಅಂದ್ರೆ 39ಕ್ಕೆ 8. ಮುಂದೂ ಹಂಗೇ ಮಾಡಿ. ಕವರ್ ಬಿಚ್ಚಿದ್ಮೇಲೆ ಹಲ್ಲು ಎಣಿಸಿ ಖಾತ್ರಿ ಮಾಡ್ಕೊಳ್ಳಿ, ಪಿನಿಯನ್ ತುದಿಲೂ ಕ್ರೌನ್ ಮೇಲೂ ಒಂದೇ ಜೋಡಿ ನಂಬರ್ ಕೆತ್ತಿರ್ತಾರೆ, ನಂಬರ್ ಬೇರೆ ಬೇರೆ ಇದ್ರೆ ಆ ಸೆಟ್ ತಗೋಬೇಡಿ, ಎಷ್ಟು ಅಗ್ಗಕ್ಕೆ ಕೊಟ್ರೂ ಸರಿ, ಊಳಿಡುತ್ತೆ.

ಕುಡ್ಲ_ಜಿಪ್ಸಿ

ನಾನು ಜಿಪ್ಸಿ ಇಟ್ಟವ, ಆದ್ರೂ ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ ಮಾರಾಯ್ರೆ. ಆ ಪೂಜೋ ಎಂಜಿನ್ ಒಳ್ಳೇದುಂಟಾದ್ರೆ ಅದನ್ನೇ ರಿಪೇರಿ ಮಾಡ್ಸಿ ಓಡಿಸ್ಬಹುದಲ್ವಾ? ಪಾರ್ಟ್ಸ್ ಹರಿಕೇನ್‌ಗಿಂತ ಸುಲಭದಲ್ಲಿ ಸಿಗ್ತದೆ. ಡಾರ್ಜಿಲಿಂಗ್ ಹತ್ರ ಮನೇಭಂಜ್ಯಾಂಗ್‌ನಿಂದ ಸಂದಕ್‌ಫುಗೆ ಹೋಗುವ ಹಳೇ ಲ್ಯಾಂಡ್ ರೋವರ್‌ಗಳನ್ನು ನೋಡಿ, 1950ರ ಗಾಡಿಗಳು ಇನ್ನೂ ಆ ಕಲ್ಲು ದಾರಿ ಹತ್ತುದು, ಸುಮಾರಿಗೆ ಒಳಗೆ ಇರುದು ಮಹೀಂದ್ರ ಡೀಸೆಲ್ ಎಂಜಿನ್. ಅಲ್ಲಿಯವ್ರಿಗೆ ಒರಿಜಿನಲ್ ಅಂತ ಕೂತ್ರೆ ಗಾಡಿ ಓಡ್ಲಿಕ್ಕೇ ಇಲ್ಲ. ಗಾಡಿ ಓಡುದು ಮುಖ್ಯ ಅಂತ ನನ್ನ ಅಭಿಪ್ರಾಯ.

ಆರ್‌ಸಿ_ಬುಕ್

ಕುಡ್ಲದವರ ಮಾತು ಮೆಕ್ಯಾನಿಕಲ್ ಆಗಿ ಸರಿ, ಆದ್ರೆ ಈ ಗಾಡಿಗೆ ಕಾಗದದ ತೊಂದ್ರೆ ಇದೆ. ಆರ್‌ಸಿಲಿ ಪೆಟ್ರೋಲ್ ಇದ್ದು ಒಳಗೆ ಡೀಸೆಲ್ ಇದ್ರೆ, ಅದೂ ಆಗ ಆರ್‌ಟಿಒದಲ್ಲಿ ಬರೆಸದೇ ಹಾಕಿದ್ರೆ, ರಿನ್ಯೂವಲ್‌ಗೆ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿದ ತಕ್ಷಣ ಎಂಜಿನ್ ನಂಬರ್ ತಾಳೆ ಆಗಲ್ಲ. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸೋಕೆ ಮೊದಲೇ ಅನುಮತಿ ಬೇಕು. 2019ರ ಜನವರಿಲಿ ಸುಪ್ರೀಂ ಕೋರ್ಟು ಕಂಪನಿ ಕೊಟ್ಟ ನಮೂನೆ ಬಿಟ್ಟು ಗಾಡಿ ಮಾರ್ಪಾಡು ಮಾಡೋ ಹಾಗಿಲ್ಲ ಅಂತ ಹೇಳಿದ ಮೇಲೆ ಆಫೀಸುಗಳಲ್ಲಿ ಇನ್ನೂ ಬಿಗಿ ಆಗಿದೆ.

ಇನ್ನೊಂದು, ಗಾಡಿ ಇನ್ನೂ ಅಜ್ಜನ ಹೆಸರಲ್ಲೇ ಇದ್ಯಾ? ಇದ್ರೆ ಫಾರ್ಮ್ 31, ವಾರಸುದಾರರಿಗೆ ವರ್ಗಾಯಿಸೋದು. ಅದಕ್ಕೆ ಮೂರು ತಿಂಗಳ ಗಡುವು, ನಿಮ್ದು ದಾಟಿ ಹೋಗಿದೆ, ಮನೆಯವರ ಒಪ್ಪಿಗೆ ಪತ್ರ ಎಲ್ಲ ಸೇರಿಸಿ ಆಫೀಸಲ್ಲಿ ಮಾತಾಡಿ. ಆಮೇಲೆ ಫಾರ್ಮ್ 25, ರಿಜಿಸ್ಟ್ರೇಷನ್ ರಿನ್ಯೂವಲ್. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರು ಜೀಪಿಗೆ ಈ ಶುಲ್ಕ 600ರಿಂದ 5000 ಆಯ್ತು, 2025ರಲ್ಲಿ 20 ವರ್ಷ ದಾಟಿದ್ದಕ್ಕೆ 10000 ಮಾಡಿದ್ರು. ಗ್ರೀನ್ ಟ್ಯಾಕ್ಸ್ ಬೇರೆ.

ಚಾಸಿಗೆ ಸ್ಯಾಂಡ್ ಬ್ಲಾಸ್ಟ್ ಮಾಡ್ಸೋ ಯೋಚನೆ ಇದ್ರೆ ನಂಬರ್ ಇರೋ ಜಾಗಕ್ಕೆ ದಪ್ಪ ಟೇಪ್ ಸುತ್ತಿಸಿ, ಅದಕ್ಕೂ ಮೊದಲು ಪೆನ್ಸಿಲ್ ಪ್ರಿಂಟ್ ನಾಲ್ಕು ಕಾಪಿ ತೆಗೆದಿಟ್ಟುಕೊಳ್ಳಿ. ಬ್ಲಾಸ್ಟ್ ಮಾಡಿ ನಂಬರ್ ಮಾಸಿಹೋದ ಗಾಡಿ ಒಂದು ನೋಡಿದೀನಿ, ಒಳ್ಳೇ ಗಾಡಿ, ಈಗ ಅಂಗಳದಲ್ಲಿ ನಿಂತಿದೆ.

ಮತ್ತೆ ಗುಜರಿಯಿಂದ ಎಂಜಿನ್ ತರೋದಾದ್ರೆ ಬಿಲ್ ಮೇಲೆ ಎಂಜಿನ್ ನಂಬರ್ ಬರೆಸದೇ ತರ್ಬೇಡಿ. ನಂಬರ್ ತಿಕ್ಕಿರೋ ಬ್ಲಾಕ್ ಮುಟ್ಟಲೇಬೇಡಿ. ಅದು ಯಾರ ಮನೆಯಿಂದ ಹೋದ ಗಾಡಿದೋ ಏನೋ.

ಅಂದ ಹಾಗೆ ನಿಮ್ಮ ಹಳೇ ಪೆಟ್ರೋಲ್ ಎಂಜಿನ್ ಏನಾಯ್ತು? ಮಾರಿದ್ರಾ? ಮನೆಲಿ ಸರಿಯಾಗಿ ಕೇಳಿ ನೋಡಿ.

ಹುಬ್ಬಳ್ಳಿ_ಲೇತ್

ನಮಸ್ಕಾರ್ರೀ ಎಲ್ಲಾರ್ಗೂ. ನಮ್ದು ಗೋಕುಲ ರೋಡಿನ ಕಡೆ ಸಣ್ಣ ಲೇತ್ ವರ್ಕ್‌ಶಾಪ್ ಐತಿ, ನಮ್ಮ ತಂದಿಯವ್ರ ಕಾಲದಾಗ ಈ ಹರಿಕೇನ್ ಬ್ಲಾಕ್ ಭಾಳ ಬರ್ತಿದ್ವು.

ಸಿಗಂಗಿಲ್ಲ ಅಂದ ಕೂಡ್ಲೆ ಹುಡುಕಾಟ ನಿಲ್ಲಿಸಬ್ಯಾಡ್ರಿ, ಸಿಗಲಿಲ್ಲ ಅಂದ್ರ ಮಾಡಬೇಕು. ಬುಶ್, ಶ್ಯಾಕಲ್ ಪಿನ್, ಸ್ಟೀರಿಂಗ್ ಬೆಲ್ ಕ್ರ್ಯಾಂಕಿನ ಶಾಫ್ಟ್, ಟ್ರಾನ್ಸ್‌ಫರ್ ಕೇಸಿನ ಇಂಟರ್‌ಮೀಡಿಯಟ್ ಶಾಫ್ಟ್ ಇವನ್ನೆಲ್ಲಾ ಒಳ್ಳೆ ಲೇತಿನ್ಯಾಂವ ಮಾಡಿಕೊಡ್ತಾನ, ಆದ್ರ ಯಾವ ಸ್ಟೀಲ್ ಅಂತ ಕೇಳ್ರಿ. ಸಾದಾ ಎಂಎಸ್ (ಮೆತ್ತನ ಉಕ್ಕು) ರಾಡ್ ತಿರುವಿ ಕೊಟ್ರ ಆರು ತಿಂಗಳಿಗೆ ಸವದ ಹೊಕ್ಕೈತಿ. ಇಎನ್ 24 ಇಲ್ಲಾ ಇಎನ್ 8 ತಗೊಂಡು ಹಾರ್ಡ್ ಮಾಡ್ಸಿ ಗ್ರೈಂಡ್ ಮಾಡಿದ್ರ ನಿಮ್ಮ ಮಗನ ಕಾಲಕ್ಕೂ ಇರ್ತೈತಿ. ಕ್ರ್ಯಾಂಕ್ ಗ್ರೈಂಡಿಂಗ್ ಇದ್ರ ಬೆಳಗಾವಿ ಉದ್ಯಮಬಾಗಕ್ಕ ಕಳಸ್ರಿ, ಆ ಕೆಲಸಕ್ಕ ಅಲ್ಲಿ ಕೈ ಕುಂತದ.

ಟ್ರಾನ್ಸ್‌ಫರ್ ಕೇಸ್ ಕಿಟ್ ತರಾಕ ಹೊಂಟ್ರ ಮೊದಲ ಇಂಟರ್‌ಮೀಡಿಯಟ್ ಶಾಫ್ಟ್ ಅಳತಿ ನೋಡ್ರಿ. 1-1/8 ಇಂಚಿಂದೂ ಬಂದೈತಿ, 1-1/4 ಇಂಚಿಂದೂ ಬಂದೈತಿ. ಹೊರಗಿಂದ ಕೇಸ್ ಎರಡೂ ಒಂದ ಕಾಣ್ತಾವ, ಕಿಟ್ ಮಾತ್ರ ಕೂಡಂಗಿಲ್ಲ.

ಬಾಡಿ ವಿಷಯ. ಪೂರಾ ಟಬ್ (ಬಾಡಿ) ಬೇಕಂದ್ರ ಎಲ್ಲಾರೂ ಪಂಜಾಬ್ ಹರಿಯಾಣ ಗಡಿಯಾಗಿನ ಮಂಡಿ ಡಬ್ವಾಲಿ ಹೆಸರು ಹೇಳ್ತಾರ, ನಾ ಖುದ್ದ ಹೋಗಿ ನೋಡಿ ಬಂದೇನಿ, ಊರಿಗೂರ ಜೀಪ್ ಕಟ್ಟೋದ ಅಲ್ಲೆ. ಕೆಲಸ ಚಲೋ ಮಾಡೋರೂ ಅದಾರ, ತೆಳ್ಳನ ತಗಡಿಗೆ ಪುಟ್ಟಿ ಬಳದು ಕೊಡೋರೂ ಅದಾರ. ತಗಡಿನ ಗೇಜ್ (ದಪ್ಪ) ಎಷ್ಟು ಅಂತ ಬರಿಸಿಕೊಂಡ ಮುಂಗಡ ಕೊಡ್ರಿ. ಹಂಗ ನೋಡಿದ್ರ ನಿಮಗ ಫ್ಲೋರ್ ಅಷ್ಟ ಹೋಗಿದ್ರ ಪೂರಾ ಟಬ್ ಯಾಕ? ಮೂಲ ಬಾಡಿ ಇಟಗೊಂಡು ಫ್ಲೋರ್ ಅಷ್ಟ ಹಾಕಸ್ರಿ. ಹಳೆ ಬಾಡಿ ತಗಡು ಈಗಿನವ್ರು ಹಾಕಂಗಿಲ್ಲ.

ಕಾಫಿಕಣ

ಎರಡು ಸುದ್ದಿ.

ಒಂದು, ಹಲ್ಲು ಎಣಿಸಿದೆ. ಮುಂದೆ 5.38, ಹಿಂದೆ 4.88. ಹಳೇಸ್ಪ್ಯಾನರ್ ಅವ್ರು ಹೇಳಿದಂಗೇ.

ಎರಡನೇದು ಬರೆಯುವಾಗ ಇನ್ನೂ ಕೈ ನಡುಗ್ತಿದೆ. ಆರ್‌ಸಿ ಬುಕ್ ಅವ್ರು ಕೇಳಿದ್ರಲ್ಲ ಹಳೇ ಎಂಜಿನ್ ಏನಾಯ್ತು ಅಂತ, ಅಪ್ಪಂಗೆ ಗೊತ್ತಿರ್ಲಿಲ್ಲ. ತೋಟದಲ್ಲಿ ಮೊದ್ಲಿಂದ ಇರೋ ಮೇಸ್ತ್ರಿ ಒಬ್ರು ಇದಾರೆ, ಈಗ ವಯಸ್ಸಾಗಿದೆ, ಅವ್ರ ಮನೆಗೆ ಹೋಗಿ ಕೇಳ್ದೆ. ನಿಮ್ಮಜ್ಜ ಮಾರಕ್ಕೆ ಬಿಡ್ಲಿಲ್ಲಪ್ಪ, ಹಾಸನದಿಂದ ಅದನ್ನ ಗಾಡಿ ಹಿಂದೆ ಹಾಕ್ಕೊಂಡೇ ತಂದ್ರು, ಗೊಬ್ಬರದ ಗೋಡೌನಲ್ಲಿ ಮೂಲೇಲಿ ಇರ್ಬೇಕು ನೋಡಿ ಅಂದ್ರು. ಹೋಗಿ ಹಳೇ ಗೋಣಿಚೀಲ, ಸ್ಪ್ರೇ ಮಷಿನ್ನು, ಮುರಿದ ಪಲ್ಪರ್ ಎಲ್ಲ ಎಳೆದು ಹಾಕಿದ್ರೆ ಟಾರ್ಪಾಲ್ ಕೆಳಗೆ ಎಂಜಿನ್ನೂ ಮೂರು ಗೇರಿನ ಬಾಕ್ಸೂ ಒಟ್ಟಿಗೇ ಇತ್ತು. ಸ್ಪಾರ್ಕ್ ಪ್ಲಗ್ ತೆಗೆದ ತೂತಿಗೆಲ್ಲ ಮರದ ಬೆಣೆ ಹೊಡೆದು ಮೇಲೆ ಗ್ರೀಸ್ ಮೆತ್ತಿದಾರೆ. ಬ್ಲಾಕ್ ಮೇಲಿನ ನಂಬರ್ ಬ್ರಷ್ ಹಾಕಿ ಉಜ್ಜಿ ಆರ್‌ಸಿ ಪಕ್ಕ ಹಿಡಿದೆ. ಅದೇ ನಂಬರು. ಅಜ್ಜ ಒಂದಿನ ಮತ್ತೆ ಹಾಕ್ಬೇಕು ಅಂತ ಇಟ್ಟಿದ್ರು ಅನ್ಸುತ್ತೆ.

ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್, ಪೆಟ್ರೋಲ್ ಪಂಪ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇಲ್ಲ. ಕ್ರ್ಯಾಂಕ್ ತಿರುಗ್ತಾ ಇಲ್ಲ, ಹಿಡ್ಕೊಂಡಿದೆ.

ಹಳೇಸ್ಪ್ಯಾನರ್

ಓದಿ ತುಂಬಾ ಸಂತೋಷ ಆಯ್ತು ಗುರು. ನಿಮ್ಮಜ್ಜನಿಗೆ ಕೈ ಮುಗೀಬೇಕು.

ಈಗ ಅವಸರ ಮಾಡ್ಬೇಡಿ. ಹ್ಯಾಂಡಲ್ ಹಾಕಿ ಬಲವಂತವಾಗಿ ತಿರುಗಿಸ್ಲೇಬೇಡಿ. ಸಿಲಿಂಡರ್ ಒಳಗೆ ಡೀಸೆಲ್ಲೂ ಎಂಜಿನ್ ಆಯಿಲ್ಲೂ ಕಲಸಿ ಹಾಕಿ ಹತ್ತು ದಿನ ಬಿಡಿ. ಆಮೇಲೆ ಹೆಡ್ ಬಿಚ್ಚಿ. ಬ್ಲಾಕ್ ತೊಳೆಸಿ ಮೊದ್ಲು ಮಾಡೋ ಕೆಲ್ಸ ಕ್ರ್ಯಾಕ್ ಟೆಸ್ಟು, ಬೋರಿಂಗ್‌ಗೆ ದುಡ್ಡು ಹಾಕೋಕೆ ಮುಂಚೆ. ಈ ಎಂಜಿನ್ನಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟು ಬ್ಲಾಕಲ್ಲೇ ಇರೋದ್ರಿಂದ ಸೀಟಿಂದ ಬೋರ್ ಕಡೆಗೆ ಬಿರುಕು ಬಿಡುತ್ತೆ, ಕಣ್ಣಿಗೆ ಕಾಣಲ್ಲ, ಬಣ್ಣ ಹಾಕಿ ನೋಡೋ ಟೆಸ್ಟ್ ಮಾಡ್ಸಿ.

ಪಿಸ್ಟನ್ ಸ್ಟ್ಯಾಂಡರ್ಡ್ ಬೋರ್ 3-1/8 ಇಂಚು, ಓವರ್‌ಸೈಜ್ 10, 20, 30, 40 ಅಂತ ಬರುತ್ತೆ, ಅಂದ್ರೆ ಇಂಚಿನ ಸಾವಿರದ ಲೆಕ್ಕ. ಮೊದ್ಲು ಪಿಸ್ಟನ್ ಕೈಗೆ ಬರ್ಲಿ, ಆಮೇಲೆ ಬೋರಿಂಗ್. ಬೋರ್ ಮಾಡ್ಸಿಟ್ಟು ಆ ಸೈಜಿನ ಪಿಸ್ಟನ್ ಸಿಗದೆ ಒದ್ದಾಡಿದವ್ರು ಎಷ್ಟು ಜನ. ಎಕ್ಸಾಸ್ಟ್ ಸೀಟಿಗೆ ಗಟ್ಟಿ ಇನ್ಸರ್ಟ್ ಹಾಕ್ಸಿ, ಈ ಎಂಜಿನ್ ಸೀಸ ಇದ್ದ ಪೆಟ್ರೋಲ್ ಕಾಲದ್ದು. ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟ್ ಎಥೆನಾಲ್ ಇರೋದ್ರಿಂದ ಪಂಪಿನ ಡಯಾಫ್ರಮ್ಮು, ರಬ್ಬರ್ ಪೈಪು ಹಳೇ ಸ್ಟಾಕಿಂದು ಎಷ್ಟೇ ಒರಿಜಿನಲ್ ಅಂದ್ರೂ ಹಾಕ್ಬೇಡಿ, ಊದಿಕೊಂಡು ಹರಿದು ಹೋಗುತ್ತೆ, ಎಥೆನಾಲ್ ತಡೆಯೋದೇ ಕೇಳಿ ತಗೊಳ್ಳಿ.

ಸ್ಪ್ಯಾನರ್ ಇಂಚಿಂದು ಬೇಕು, 7/16, 1/2, 9/16. ಪೂಜೋ ಮಿಲಿಮೀಟರ್, ಇದು ಇಂಚು, ಬೋಲ್ಟ್ ಡಬ್ಬ ಬೇರೆ ಬೇರೆ ಇಡಿ. ಬೆರೆಸಿ ಎಳೆದ್ರೆ ಥ್ರೆಡ್ ಹಾಳಾಗುತ್ತೆ.

ಕುಡ್ಲ_ಜಿಪ್ಸಿ

ನಾನು ಹೇಳಿದ್ದು ವಾಪಸ್ ತಗೊಂಡೆ. ಅದೇ ನಂಬರಿನ ಎಂಜಿನ್ ಉಂಟು ಅಂದ್ಮೇಲೆ ಡೀಸೆಲ್ ಪ್ರಶ್ನೆಯೇ ಇಲ್ಲ.

ಒಂದು ಮಾಹಿತಿ, ಮೊದ್ಲೆಲ್ಲ ನಾವು ಅರಣ್ಯ ಇಲಾಖೆ, ಪೊಲೀಸ್ ಹರಾಜಿಗೆ ಕಾಯ್ತಾ ಇದ್ದದ್ದು, ಒಂದು ಲಾಟ್ ಹಿಡಿದ್ರೆ ನಾಲ್ಕು ಜನಕ್ಕೆ ಹಂಚಿಕೊಳ್ಳುವಷ್ಟು ಸಾಮಾನು. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಸರಕಾರಿ ಗಾಡಿ ಎಲ್ಲ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಹೋಗ್ಬೇಕು ಅಂತ ನಿಯಮ ಆಯ್ತಲ್ಲ, ಆ ದಾರಿ ಮುಚ್ಚಿತು. ಅದಕ್ಕೇ ಹೇಳುದು, ಎಲ್ಲಾದ್ರೂ ಒಳ್ಳೇ ಆಕ್ಸಲ್, ಹೆಡ್ ಕಂಡ್ರೆ ನಿಮ್ಗೆ ಈಗ ಬೇಡದಿದ್ರೂ ಎತ್ತಿಡಿ.

ರಿಮ್ ಬೇಕಿದ್ರೆ ಹೇಳಿ, ಜಿಪ್ಸಿದೂ ಜೀಪಿಂದೂ ಐದು ಬೋಲ್ಟ್ 139.7 ಮಿಲಿಮೀಟರ್ ಒಂದೇ. ಆದ್ರೆ ನಡುವಿನ ತೂತು, ಆಫ್‌ಸೆಟ್ ನೋಡ್ದೆ ಹಾಕ್ಬೇಡಿ.

ಘಟ್ಟದಮೇಲೆ

ತಮ್ಮಾ, ನಿಂಗೆ ಹಿಂದಕ್ಕೆ 5.38 ಬೇಕು ತಾನೆ? ನನ್ನ ಮನೆ ಹಿಂದೆ ಅದೇ ಸೆಟ್ ಒಂದು ಬಿದ್ದಿದೆ, ಮೊದ್ಲು ತಗೊಂಡಿದ್ದ ಗಾಡಿದು. ನಿನ್ನ 4.88 ನಂಗೆ ಬೇಕು. ದುಡ್ಡು ಬೇಡ, ಬದಲಿ ಮಾಡ್ಕೊಳ್ಳೋಣ. ಹಲ್ಲು ಚೆನ್ನಾಗಿದ್ಯಾ ನೋಡಿ ಫೋಟೋ ಹಾಕು, ನಾನೂ ಹಾಕ್ತೀನಿ.

ಹಳೇಸ್ಪ್ಯಾನರ್

@ಘಟ್ಟದಮೇಲೆ ಒಳ್ಳೇ ಕೆಲ್ಸ. ಹಿಂದಿಂದು ಡಾನಾ 44 ಆಕ್ಸಲ್ ಆಗಿದ್ರೆ ಎರಡೂ ರೇಶಿಯೋದ ಕ್ರೌನ್ ಒಂದೇ ಕ್ಯಾರಿಯರ್ ಮೇಲೆ ಕೂರುತ್ತೆ, ಅದು ಬದಲಿಸೋದು ಬೇಡ. ಶಿಮ್ (ಅಂತರ ಹೊಂದಿಸೋ ತೆಳು ವಾಷರ್) ಮಾತ್ರ ಹೊಸದಾಗಿ ಲೆಕ್ಕ ಹಾಕ್ಬೇಕು, ಹಳೇ ಶಿಮ್ ಹಾಕಿ ಮುಚ್ಚಬೇಡಿ ಇಬ್ರೂ.

ಜರ್ಸಿ_ಕನ್ನಡಿಗ

ನಾನು ನ್ಯೂಜರ್ಸಿಯಲ್ಲಿರೋದು, ಮೂಲ ತೀರ್ಥಹಳ್ಳಿ. ಇಲ್ಲಿ ವಿಲ್ಲಿಸ್ ಜೀಪಿನ ಪಾರ್ಟ್ಸ್‌ಗೇ ಅಂತ ಅಂಗಡಿಗಳಿವೆ, ದಕ್ಷಿಣ ಕ್ಯಾರೊಲಿನಾದ ಕೈಸರ್ ವಿಲ್ಲಿಸ್ ಅಂತ ಒಂದಿದೆ, ಹರಿಕೇನ್‌ದು ಗ್ಯಾಸ್ಕೆಟ್, ವಾಲ್ವ್, ಸೀಲು ಇನ್ನೂ ಮಾರ್ತಾರೆ. ಅಮೆರಿಕದ ಸಾಮಾನು ನಮ್ಮ ಗಾಡಿಗೆ ಹೇಗೆ ಕೂರುತ್ತೆ ಅಂದ್ರೆ ಎಂಜಿನ್ ಒಳಗಿನದು ಬಹುತೇಕ ಅದೇ ಡ್ರಾಯಿಂಗು, ಹೊರಗೆ ಕಟ್ಟೋ ಕಾರ್ಬ್ಯುರೇಟರ್, ಎಲೆಕ್ಟ್ರಿಕಲ್ ಬೇರೆ. ಭಾರದ್ದು ಕೇಳಬೇಡಿ, ಸಾಗಾಟ ಕಸ್ಟಮ್ಸ್ ಸೇರಿ ವಸ್ತುವಿಗಿಂತ ಜಾಸ್ತಿ ಆಗುತ್ತೆ. ಹಿಂದಿನ ಮೇನ್ ಸೀಲು ಹಳೇದು ಹಗ್ಗದ್ದು, ಅದರ ಬದಲಿಗೆ ರಬ್ಬರ್ ತುಟಿಯದ್ದು ಇಲ್ಲಿ ಸಿಗುತ್ತೆ, ಅಂಗೈಯಷ್ಟು ಸಾಮಾನು. ಡಿಸೆಂಬರ್‌ನಲ್ಲಿ ಊರಿಗೆ ಬರ್ತಿದೀನಿ, ಬ್ಯಾಗಲ್ಲಿ ತರ್ತೀನಿ. ಪಟ್ಟಿ ಚಿಕ್ಕದಾಗಿ ಕಳಿಸಿ.

ಕಾಫಿಕಣ

(ಹತ್ತು ತಿಂಗಳು ಬಿಟ್ಟು)

ಬರೆಯದೇ ಇದ್ದಿದ್ದಕ್ಕೆ ಕ್ಷಮಿಸಿ, ಶನಿವಾರ ಭಾನುವಾರ ಪೂರ್ತಿ ಗಾಡಿ ಕೆಳಗೇ ಇದ್ದೆ.

ಬ್ಲಾಕಲ್ಲಿ ಬಿರುಕಿಲ್ಲ. ಟೆಸ್ಟ್ ಮಾಡಿದವ್ರು ಸರಿಯಾಗಿದೆ ಅಂದಾಗ ನಂಗೆ ಮಾತೇ ಬರ್ಲಿಲ್ಲ. ಪಿಸ್ಟನ್ ಬೆಂಗಳೂರಲ್ಲಿ ಎಲ್ಲೂ ಸಿಗ್ಲಿಲ್ಲ, ಜೆಸಿ ರೋಡಲ್ಲಿ ಒಬ್ರು ವಯಸ್ಸಾದವ್ರು ನನ್ನ ನೋಟ್‌ಬುಕ್ ನೋಡಿ ಕೂರಿಸ್ಕೊಂಡು ಟೀ ಕೊಟ್ಟು ಮೂರು ಊರಿಗೆ ಫೋನ್ ಮಾಡಿದ್ರು, ಕೊನೆಗೆ ಕೊಯಮತ್ತೂರಲ್ಲಿ ಹಳೇ ಸ್ಟಾಕು 30 ಓವರ್‌ಸೈಜ್ ಒಂದು ಸೆಟ್ ಇತ್ತು, ಅಟ್ಟದ ಮೇಲೆ, ಡಬ್ಬಿ ಮೇಲೆ ಧೂಳು ಗಟ್ಟಿಯಾಗಿ ಕೂತಿತ್ತು. ಮೊದಲ ಸಲ ಅದೇ ರೋಡಲ್ಲಿ ಬರಿಗೈಲಿ ನಿಂತಿದ್ದ ನನ್ನನ್ನ ಯಾರೂ ತಿರುಗಿ ನೋಡಿರ್ಲಿಲ್ಲ. ಬೋರಿಂಗ್ ಆದ್ಮೇಲೆ ಕ್ರ್ಯಾಂಕ್ ಬೆಳಗಾವಿಗೆ ಕಳಿಸಿ 20 ಅಂಡರ್‌ಸೈಜ್ ಮಾಡ್ಸಿದೆ.

ಕಾರ್ಬ್ಯುರೇಟರ್ ಶಿವಾಜಿನಗರ ಗುಜರಿಲಿ ಸಿಕ್ತು, ಸೋಲೆಕ್ಸ್ ಕಂಪನಿದು, ಥ್ರಾಟಲ್ ಶಾಫ್ಟ್ ಅಲ್ಲಾಡ್ತಿತ್ತು, ಹುಬ್ಬಳ್ಳಿ ಅಣ್ಣ ಬುಶ್ ಹಾಕಿ ಕೊಟ್ರು, ಕೂಲಿ ಎಷ್ಟು ಅಂದ್ರೆ ಗಾಡಿ ಓಡ್ಲಿ ಆಮೇಲೆ ನೋಡೋಣ ಅಂದ್ರು. ಡಿಸ್ಟ್ರಿಬ್ಯೂಟರ್ ಲೂಕಾಸ್ ಕಂಪನಿದು, ಸಿಬಿ ಪಾಯಿಂಟ್ ಹೊಸದು ಸಿಕ್ತು. ಮ್ಯಾನಿಫೋಲ್ಡ್‌ಗೆ ತುಂಬಾ ಅಲೆದೆ. ಆನ್‌ಲೈನಲ್ಲಿ ಒಬ್ರಿಗೆ ಮುಂಗಡ ಹಾಕಿದೆ, ಫೋಟೋ ಒಂದು, ಬಂದಿದ್ದು ಇನ್ನೊಂದು, ಅದೂ ವೆಲ್ಡ್ ಮಾಡಿ ಪೇಂಟ್ ಹೊಡೆದಿದ್ದು, ದುಡ್ಡು ವಾಪಸ್ ಬಂದಿಲ್ಲ. ಕೊನೆಗೆ ಸರಿಯಾದ್ದು ಸಿಕ್ಕಿದ್ದು ಮೂಡಿಗೆರೆ ಹತ್ರ ಒಂದು ತೋಟದಲ್ಲಿ, ಅವ್ರ ಸಿಜೆ3ಬಿ ಮರ ಬಿದ್ದು ಜಜ್ಜಿ ಹೋಗಿತ್ತು, ಕೇಳಿದ ತಕ್ಷಣ ಬಿಚ್ಚಿ ತಗೊಂಡು ಹೋಗು ಅಂದ್ರು.

ಘಟ್ಟದ ಅಣ್ಣನ ಜೊತೆ ಕ್ರೌನ್ ಪಿನಿಯನ್ ಬದಲಿ ಮಾಡ್ಕೊಂಡೆ. ಮಳೇಲಿ ನಿಟ್ಟೂರಿಗೆ ಹೋಗಿದ್ದೆ, ಅವ್ರ ಮನೇಲೇ ಎರಡು ದಿನ ಇದ್ದೆ, ಶಿಮ್ ಹಾಕೋದು, ಹಲ್ಲಿಗೆ ಬಣ್ಣ ಹಚ್ಚಿ ಗುರುತು ನೋಡೋದು ಎಲ್ಲ ಅಲ್ಲೇ ಕಲಿಸಿ ಕಳಿಸಿದ್ರು. ಅತ್ತಿಗೆ ಮಾಡಿದ ಕಳಲೆ ಪಲ್ಯ ಇನ್ನೂ ನೆನಪಿದೆ.

ಜರ್ಸಿ ಅಣ್ಣ ತಂದ ಸೀಲ್ ಹಾಕಿದೀನಿ. ವಾಲ್ವ್ ಗ್ಯಾಪ್ ಎಂಜಿನ್ ತಣ್ಣಗಿದ್ದಾಗ ಇನ್ಲೆಟ್ 0.018, ಎಕ್ಸಾಸ್ಟ್ 0.016 ಇಂಚು ಇಟ್ಟಿದೀನಿ, ಸರಿ ತಾನೆ? ಫೈರಿಂಗ್ ಆರ್ಡರ್ 1-3-4-2.

ಮೊನ್ನೆ ಭಾನುವಾರ ಸಂಜೆ ಸ್ಟಾರ್ಟ್ ಆಯ್ತು. ಮೂರನೇ ಸಲಕ್ಕೆ. ಮೇಸ್ತ್ರಿನ ಕರ್ಕೊಂಡು ಬಂದು ಕುರ್ಚಿ ಹಾಕಿ ಕೂರಿಸಿದ್ವಿ. ಅವ್ರು ಕಣ್ಣು ಮುಚ್ಕೊಂಡು ಸ್ವಲ್ಪ ಹೊತ್ತು ಕೇಳಿ, ಹೌದು ಇದೇ ಸೌಂಡು ಅಂದ್ರು. ಅಪ್ಪ ಕಣದ ಕಡೆ ಎದ್ದು ಹೋದ್ರು, ಸ್ವಲ್ಪ ಹೊತ್ತು ಬರ್ಲಿಲ್ಲ.

ಹಳೇಸ್ಪ್ಯಾನರ್

ವಾಲ್ವ್ ಗ್ಯಾಪ್ ಸರಿ. ಮೊದಲ ಐನೂರು ಕಿಲೋಮೀಟರ್ ಎಳೀಬೇಡಿ, ಆಮೇಲೆ ಆಯಿಲ್ ಇಳಿಸಿ. ಗೇರ್‌ಬಾಕ್ಸಿಗೆ ಜಿಎಲ್4 ದರ್ಜೆ ಎಣ್ಣೆ ಹಾಕಿ, ಕೆಲವು ಜಿಎಲ್5 ಎಣ್ಣೆ ಹಿತ್ತಾಳೆ ರಿಂಗ್ ತಿನ್ನುತ್ತೆ. ಆಕ್ಸಲ್ ಹೌಸಿಂಗಿಗೆ ಜಿಎಲ್5 ಪರ್ವಾಗಿಲ್ಲ. ಮತ್ತೆ ಮೂರು ಗೇರಿನ ಬಾಕ್ಸಿನ ಹಿಂದಿನ ಗೇರು ಟ್ರಾನ್ಸ್‌ಫರ್ ಕೇಸಿನ ಇಂಟರ್‌ಮೀಡಿಯಟ್ ಗೇರಿಗೆ ಸರಿಯಾಗಿ ಕೂತಿದ್ಯಾ ಅಂತ ನೋಡಿದ್ರಾ? ಡೀಸೆಲ್ ಹಾಕಿದಾಗ ಕೇಸ್ ಒಳಗೂ ಬದಲಿಸಿರ್ಬಹುದು.

ಕಾಫಿಕಣ

ನೋಡಿದೆ, ಹಲ್ಲು ಎಣಿಸಿದೆ, ಕೂತಿದೆ. ನಿಮ್ಮಿಂದ ಕಲ್ತ ಮೇಲೆ ಎಣಿಸದೇ ಏನೂ ಹಾಕ್ತಿಲ್ಲ.

ಆರ್‌ಸಿ_ಬುಕ್

ಫಾರ್ಮ್ 31 ಆಯ್ತಾ? ಮತ್ತೆ ಇನ್ನೊಂದು ಗಮನಕ್ಕೆ. 2021ರಲ್ಲಿ ವಿಂಟೇಜ್ ನಿಯಮ ಬಂತು, 50 ವರ್ಷ ದಾಟಿ ಮೂಲ ರೂಪದಲ್ಲೇ ಇರೋ ಗಾಡಿಗೆ ವಿಎ ಅಂತ ಬೇರೆ ನಂಬರ್ ಸರಣಿ. ನಿಮ್ದು 2029ಕ್ಕೆ 50 ಆಗುತ್ತೆ. ಆದ್ರೆ ಆ ನಂಬರ್ ತಗೊಂಡ್ರೆ ದಿನನಿತ್ಯ ರಸ್ತೆಲಿ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ತೋಟಕ್ಕೆ ಓಡಿಸೋ ಆಸೆ ಇದ್ರೆ ಸಾಮಾನ್ಯ ರಿನ್ಯೂವಲ್ಲೇ ಮಾಡಿಸಿ.

ಕಾಫಿಕಣ

ವರ್ಗಾವಣೆ ಆಯ್ತು, ಅಪ್ಪನ ಹೆಸರಿಗೆ. ರಿನ್ಯೂವಲ್‌ಗೆ ಬ್ರೇಕ್ ಕೆಲ್ಸ ಮುಗಿದ್ಮೇಲೆ ಹೋಗ್ತೀನಿ. ಓಡಿಸ್ಲೇಬೇಕು ಸಾರ್, ಪ್ರದರ್ಶನಕ್ಕೆ ಇಡಲ್ಲ.

ಬ್ರೇಕ್‌ದೇ ಈಗ ಉಳಿದಿರೋದು. ಒಂಬತ್ತು ಇಂಚಿನ ಡ್ರಮ್ಮು, ಹಿಂದಿನ ಎಡಗಡೆದು ಸವೆದು ಅಂಚು ಕಟ್ಟಿದೆ, ತಿರುವಿಸಕ್ಕೆ ದಪ್ಪ ಉಳಿದಿಲ್ಲ. ಯಾರ ಹತ್ರಾದ್ರೂ ಒಂದು ಇದ್ರೆ ಹೇಳಿ. ಬದಲಿಗೆ ನನ್ನತ್ರ ಆ ನಾಲ್ಕು ಗೇರಿನ ಬಾಕ್ಸ್ ಇದೆ, ಗೇರೆಲ್ಲ ಚೆನ್ನಾಗಿದೆ.

ಹುಬ್ಬಳ್ಳಿ_ಲೇತ್

ಡ್ರಮ್ ನಮ್ಮ ಕಡೆ ಎರಡ ಅದಾವ್ರಿ. ಒಂದ ಚಲೋ ಐತಿ. ಒಳಗಿನ ಅಳತಿ ತಗೊಂಡು ನಾಳೆ ಹಾಕ್ತೀನಿ, ನಿಮ್ಮ ಹಬ್ಬಿನ ಸ್ಟಡ್ ಉಲ್ಟಾನೋ ಸುಲ್ಟಾನೋ ಅಷ್ಟ ನೋಡಿ ಹೇಳ್ರಿ.

ಕಾಫಿಕಣ

ಎಲ್ ಅಂತ ಇದೆ ಅಣ್ಣ. ಉಲ್ಟಾ.